ಕವಚದ ಪುಡಿ

ಪುಡಿಯೆಂಬ ಪದಾರ್ಥದ ವಿಷಯದಲ್ಲಿ ನಮ್ಮ ಜನರ ಮನಸ್ಸು ಎರಡು ಹೋಳಾಗಿದೆ. ಒಂದು ಕಡೆ ಅದಕ್ಕೆ ಸಲ್ಲುವ ಮರ್ಯಾದೆ ದೊಡ್ಡದು. ಹಣೆಗೆ ಕುಂಕುಮ ಬೇಕು, ವಿಭೂತಿ ಬೇಕು. ಬಾಗಿಲ ಮುಂದೆ ರಂಗೋಲಿ ಬೇಕು. ಡಬ್ಬಿಯಲ್ಲಿ ಸಾರಿನ ಪುಡಿ ಮುಗಿದಿದೆಯೆಂದು ತಿಳಿದ ಗೃಹಿಣಿ, ನೆಂಟರನ್ನು ಊಟಕ್ಕೆ ನಿಲ್ಲಿಸಿಕೊಳ್ಳುವ ಮಾತನ್ನು ಅಂದು ಎರಡು ಸಲ ಯೋಚಿಸಿ ಆಡುತ್ತಾಳೆ. ಹಿಂದಿನ ಕಾಲದ ಪಂಡಿತರಿಗೆ ಒಂದು ಚಿಟಿಕೆ ನಶ್ಯ ಮೂಗಿಗೇರದೆ ವ್ಯಾಕರಣದ ಸೂತ್ರ ನಾಲಗೆಗೆ ಇಳಿಯುತ್ತಿರಲಿಲ್ಲವಂತೆ. ಇನ್ನೊಂದು ಕಡೆ ಅದೇ ಪುಡಿಯೆಂದರೆ ತಿರಸ್ಕಾರ. ಜೇಬಿನ ಮೂಲೆಯಲ್ಲಿ ಉಳಿದದ್ದು ಪುಡಿಗಾಸು. ಜಗಳ ಕೈಗೆ ಬಂದಾಗ ಹಾಕುವ ಬೆದರಿಕೆ, 'ಪುಡಿಪುಡಿ ಮಾಡಿಬಿಟ್ಟೇನು' ಎಂದು. ಒಡೆದು, ಸವೆದು, ಕೆಲಸಕ್ಕೆ ಬಾರದೆ ಹೋದ ವಸ್ತುವಿನ ಕೊನೆಯ ಅವಸ್ಥೆಯೇ ಪುಡಿ ಎಂಬ ಅಭಿಪ್ರಾಯ ಈ ಮಾತುಗಳ ಒಳಗೆ ಅಡಗಿದೆ.

ಈ ಎರಡು ಗುಂಪಿಗೂ ಸೇರದ ಒಂದು ಪುಡಿ ನನಗೆ ಇಳಿವಯಸ್ಸಿನಲ್ಲಿ ಗಂಟುಬಿದ್ದಿದೆ. ಮೂವತ್ತೈದು ವರ್ಷ ಒಂದು ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತನಾದ ಮೇಲೆ, ಇನ್ನು ಜಮಾ ಖರ್ಚುಗಳ ಮುಖ ನೋಡುವುದಿಲ್ಲವೆಂದು ನಾನು ಶಪಥ ಮಾಡಿದ್ದುಂಟು. ಆದರೆ ತಂಗಿಯ ಮಗ ಪೀಣ್ಯದಲ್ಲಿ ಎರಡು ಶೆಡ್ಡುಗಳ ಒಂದು ಕಾರ್ಖಾನೆ ನಡೆಸುತ್ತಾನೆ. 'ಮಾವ, ವಾರಕ್ಕೆ ಮೂರು ದಿನ ಬಂದು ಪುಸ್ತಕ ನೋಡಿಕೊಳ್ಳಿ. ಮನೆಯಲ್ಲಿ ಕೂತು ಅತ್ತೆಯ ಕೈಲಿ ಬೈಸಿಕೊಳ್ಳುವುದಕ್ಕಿಂತ ಮೇಲು' ಎಂದು ಅವನು ಕರೆದ. ಮಾತಿನಲ್ಲಿ ಸತ್ಯವಿದ್ದುದರಿಂದ ಹೋದೆ.

ಹೋದ ಮೊದಲ ವಾರವೇ ಕೈಗೆ ಬಂದ ಒಂದು ಬಿಲ್ಲಿನಲ್ಲಿ 'ಪೌಡರ್, 25 ಕೆ.ಜಿ.' ಎಂದಿತ್ತು. ಬೆಲೆಯ ಅಂಕಣಕ್ಕೆ ಕಣ್ಣು ಹಾಯಿಸಿದವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಒಂದು ಕಿಲೋ ಪುಡಿಗೆ ಕೊಟ್ಟ ಹಣದಲ್ಲಿ ನಮ್ಮ ಮನೆಗೆ ತಿಂಗಳ ಅಕ್ಕಿ, ಬೇಳೆ, ಎಣ್ಣೆ ಎಲ್ಲವೂ ಬರುತ್ತಿತ್ತು. 'ಇದೇನಪ್ಪ, ಕೇಸರಿಯೆ?' ಎಂದು ಕೇಳಿದೆ. ಅವನು ನಕ್ಕು ಒಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟ. ಒಂದೂಕಾಲು ಲೀಟರು ಹಿಡಿಯುವ ಡಬ್ಬಿ. ಎತ್ತಲು ಹೋದರೆ 5 ಕಿಲೋ ಭಾರ. ಒಳಗೆ ಹೊಳಪಿಲ್ಲದ ಬೂದು ಬಣ್ಣದ ಪುಡಿ. ಒಲೆಯ ಬೂದಿಯನ್ನು ಹತ್ತು ಸಲ ಜರಡಿ ಹಿಡಿದಂತೆ ಕಾಣುತ್ತಿತ್ತು. ಆದರೆ ಡಬ್ಬಿಯನ್ನು ಓರೆ ಮಾಡಿದಾಗ ಬೂದಿಯಂತೆ ಕುಸಿಯದೆ ನೀರಿನಂತೆ ಹರಿಯಿತು. ಮೇಲಿನ ಚೀಟಿಯಲ್ಲಿ ಅಡುಗೆಯ ಪಾಕದಂತೆ ಪಾಲುಗಳನ್ನು ಬರೆದಿದ್ದರು: ನೂರು ಪಾಲಿನಲ್ಲಿ ನಿಕ್ಕಲ್ 67, ಕ್ರೋಮಿಯಂ 22, ಅಲ್ಯೂಮಿನಿಯಂ 10, ಇಟ್ರಿಯಂ 1.

ಇದು ಬೆಂಕಿಯ ಬಾಯಲ್ಲಿ ಕೆಲಸ ಮಾಡುವ ಲೋಹಕ್ಕೆ ತೊಡಿಸುವ ಅಂಗಿ. ಗ್ಯಾಸ್ ಟರ್ಬೈನಿನ ದಹನಕೋಣೆಯ ತಗಡುಗಳು, ಬಾಯ್ಲರಿನ ಕೊಳವೆಗಳು, ಕುಲುಮೆಯೊಳಗೆ ತಿರುಗುವ ಉರುಳೆಗಳು, ಇವೆಲ್ಲ ಹಗಲಿರುಳು ಕಾದು ಕೆಂಪಗಿರಬೇಕಾದ ಅಂಗಗಳು. ವಿಮಾನದ ಎಂಜಿನ್ನಿನಲ್ಲಂತೂ ಟರ್ಬೈನಿನ ಅಲಗುಗಳನ್ನು ತಾಕುವ ಅನಿಲದ ಶಾಖ 1500 ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ಆ ಅಲಗುಗಳ ನಿಕ್ಕಲ್ ಮಿಶ್ರಲೋಹ ಕರಗಲು ಸುಮಾರು 1300 ಡಿಗ್ರಿ ಸಾಕು. ಕರಗಬೇಕಾದ ವಸ್ತು ಕರಗದೆ ನಿಂತು, ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತಿ, ನಮ್ಮನ್ನು ಮುಂಬಯಿಗೂ ದೆಹಲಿಗೂ ಮುಟ್ಟಿಸುತ್ತದೆ. ಅಲಗಿನ ಒಳಗೆ ಕೊರೆದ ಸಣ್ಣ ಕಾಲುವೆಗಳಲ್ಲಿ ಹಾಯಿಸುವ ತಂಪು ಗಾಳಿ ಇದಕ್ಕೆ ಒಂದು ಕಾರಣ. ಮೇಲೆ ತೊಡಿಸಿದ ಕವಚ ಇನ್ನೊಂದು. ಬೆಂಗಳೂರಿಗೆ ಈ ವಿದ್ಯೆಯ ಜಗತ್ತು ಹೊಸದಲ್ಲ. ಹಿಂದೂಸ್ತಾನ್ ಸಂಸ್ಥೆ ಇಲ್ಲಿ ಎಂಜಿನ್ ವಿಭಾಗವನ್ನು ತೆರೆದು ಆರ್ಫಿಯಸ್ ಜೆಟ್ ಎಂಜಿನ್ನುಗಳ ತಯಾರಿಕೆಗೆ ತೊಡಗಿದ್ದು 1957ರಲ್ಲಿ. ಆ ದೊಡ್ಡ ಮರದ ನೆರಳಿನಲ್ಲಿ ಎಷ್ಟೋ ಸಣ್ಣ ಗಿಡಗಳು ಚಿಗುರಿದವು. ನಮ್ಮ ಹುಡುಗನದು ಅಂಥದೊಂದು ಗಿಡ.

ಬೆಂಕಿಗೆ ಒಡ್ಡುವ ಪಾತ್ರೆಗೆ ಲೇಪನ ಮಾಡುವ ವಿದ್ಯೆ ನಮ್ಮ ಹೆಂಗಸರಿಗೂ ತಿಳಿದಿತ್ತೆಂಬುದನ್ನು ನಾನು ಅವನಿಗೆ ಜ್ಞಾಪಿಸಿದೆ. ಸೌದೆ ಒಲೆಯ ಕಾಲದಲ್ಲಿ ನನ್ನ ತಾಯಿ ಪಾತ್ರೆಯನ್ನು ಉರಿಗಿಡುವ ಮುನ್ನ ಅದರ ತಳಕ್ಕೂ ಹೊಟ್ಟೆಗೂ ಕಲಸಿದ ಮಣ್ಣನ್ನು ತೆಳ್ಳಗೆ ಬಳಿಯುತ್ತಿದ್ದಳು. ಮಸಿಯೆಲ್ಲ ಮಣ್ಣಿಗೆ ಹತ್ತುತ್ತಿತ್ತು, ತಾಮ್ರಕ್ಕಲ್ಲ. ಸಂಜೆ ತೊಳೆದರೆ ಮಣ್ಣಿನೊಡನೆ ಮಸಿಯೂ ಜಾರಿ ಹೋಗಿ ಪಾತ್ರೆ ಲಕಲಕ ಹೊಳೆಯುತ್ತಿತ್ತು. ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಅರಳಿಕಟ್ಟೆಯ ಪಕ್ಕದಲ್ಲಿ ತಿದಿ ಹೂಡುತ್ತಿದ್ದ. ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ಒತ್ತಿ, ಹತ್ತಿಯಿಂದ ಒಂದು ಸುತ್ತು ಒರೆಸಿದನೆಂದರೆ ಹಳದಿ ಪಾತ್ರೆ ಬೆಳ್ಳಿಯಾಗುತ್ತಿತ್ತು. ಹುಳಿ ಸಾರಿಗೆ ಕಿಲುಬು ಇಳಿಯದಂತೆ ಕಾಪಾಡಲು ಅಷ್ಟು ತೆಳುವಾದ ತವರದ ಪೊರೆ ಸಾಕಾಗಿತ್ತು. ತವರ 232 ಡಿಗ್ರಿಗೇ ಕರಗುವ ಸಾಧು ಲೋಹವಾದ್ದರಿಂದ ಅವನ ಕೆಲಸ ಬರಿಗೈಯಲ್ಲಿ ನಡೆಯಿತು. ನಿಕ್ಕಲ್ ಕರಗಲು 1455 ಡಿಗ್ರಿ ಬೇಕು. ಅದನ್ನು ಹತ್ತಿಯಲ್ಲಿ ಒರೆಸಲಾಗದು.

ಒರೆಸಲಾಗದ್ದನ್ನು ಎರಚಬಹುದು ಎಂಬ ಉಪಾಯ ಹೊಳೆದದ್ದು ಸ್ವಿಟ್ಸರ್ಲೆಂಡಿನ ಜೂರಿಕ್ ನಗರದ ಮ್ಯಾಕ್ಸ್ ಉಲ್ರಿಕ್ ಸ್ಕೂಪ್ ಎಂಬ ಎಂಜಿನಿಯರಿಗೆ, 1910ರ ಆಸುಪಾಸಿನಲ್ಲಿ. ಮಕ್ಕಳು ಆಟದ ಬಂದೂಕಿನಿಂದ ಹಾರಿಸಿದ ಸೀಸದ ಗುಂಡುಗಳು ಗೋಡೆಗೆ ಬಡಿದು ಚಪ್ಪಟೆಯಾಗಿ ಅಲ್ಲೇ ಅಂಟಿಕೊಂಡದ್ದನ್ನು ನೋಡಿ ಅವನಿಗೆ ಈ ಯೋಚನೆ ಬಂತೆಂದು ಒಂದು ಕತೆಯಿದೆ. ಕತೆ ನಿಜವೋ ಕಟ್ಟಿದ್ದೋ, ಗೋಡೆ ಹಾಳಾಯಿತೆಂದು ಮಕ್ಕಳ ಕಿವಿ ಹಿಂಡದೆ ಗೋಡೆಯನ್ನು ನೋಡುತ್ತ ನಿಂತ ತಂದೆ ಅಪರೂಪದವನೇ ಸರಿ. ಅವನು ಮೊದಲು ಎರಚಿದ್ದು ಸೀಸ, ಸತುವುಗಳಂಥ ಬೇಗ ಕರಗುವ ಲೋಹಗಳನ್ನು. 1950ರ ದಶಕದಲ್ಲಿ ವಿದ್ಯುತ್ತಿನ ಕಿಡಿಯಿಂದ ಅನಿಲವನ್ನು ಕಾಯಿಸಿ 10,000 ಡಿಗ್ರಿಗೂ ಮೇಲಿನ ಜ್ವಾಲೆಯನ್ನು ಹೊಮ್ಮಿಸುವ ಪ್ಲಾಸ್ಮಾ ಬಂದೂಕು ಬಂದ ಮೇಲೆ, ಈ ಜಗತ್ತಿನಲ್ಲಿ ಕರಗಿಸಿ ಎರಚಲಾಗದ ಲೋಹವೇ ಉಳಿಯಲಿಲ್ಲ.

ಇನ್ನು ಪುಡಿಯ ಜನ್ಮವೃತ್ತಾಂತ. ಮೆಣಸು ಕುಟ್ಟಿದಂತೆ ಲೋಹವನ್ನು ಕುಟ್ಟಿ ಮಾಡಿದ ಪುಡಿ ಇದಲ್ಲ. ಮಿಶ್ರಲೋಹವನ್ನು ಗಾಳಿಯಿಲ್ಲದ ಕುಲುಮೆಯಲ್ಲಿ ಕರಗಿಸಿ, ಸಣ್ಣ ರಂಧ್ರದಿಂದ ಧಾರೆಯಾಗಿ ಇಳಿಸಿ, ಆ ಧಾರೆಯ ಮೇಲೆ ಸುತ್ತಣಿಂದ ಆರ್ಗಾನ್ ಅನಿಲವನ್ನು ರಭಸವಾಗಿ ಹಾಯಿಸುತ್ತಾರೆ. ಧಾರೆ ಹನಿಹನಿಯಾಗಿ ಚೆದರುತ್ತದೆ; ಹನಿ ಕೆಳಗೆ ಬೀಳುವಷ್ಟರಲ್ಲಿ ಗೋಲಿಯಂತೆ ದುಂಡಗಾಗಿ ಗಟ್ಟಿಯಾಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಬೂದಾನಿಯ ರಾಶಿಯಂತೆ ಕಾಣುತ್ತದೆ. ಪುಡಿ ನೀರಿನಂತೆ ಹರಿಯುವುದು ಈ ದುಂಡುತನದ ಪುಣ್ಯದಿಂದ.

ಆಮೇಲೆ ಜರಡಿ. ಜರಡಿಯ ಮಹತ್ವವನ್ನು ರಾಗಿ ಹಿಟ್ಟಿನ ಮನೆಯಲ್ಲಿ ಬೆಳೆದವನಿಗೆ ವಿವರಿಸಬೇಕಾಗಿಲ್ಲ. ಪ್ಲಾಸ್ಮಾ ಬಂದೂಕಿಗೆ ಹೆಚ್ಚಾಗಿ 45ರಿಂದ 106 ಮೈಕ್ರಾನ್ ಗಾತ್ರದ ಕಣಗಳು; ಶಬ್ದಕ್ಕಿಂತ ವೇಗವಾಗಿ ಎರಚುವ ಇನ್ನೊಂದು ಬಗೆಯ ಬಂದೂಕಿಗೆ 15ರಿಂದ 45. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್ ಎಂದರೆ ಲೆಕ್ಕ ಮನಸ್ಸಿಗೆ ಬಂದೀತು. ಕಣ ಜ್ವಾಲೆಯಲ್ಲಿರುವುದು ಒಂದು ಸೆಕೆಂಡಿನ ಸಾವಿರದ ಒಂದೆರಡು ಪಾಲಿನಷ್ಟು ಹೊತ್ತು. ಅಷ್ಟರಲ್ಲಿ ಅದು ಕರಗಬೇಕು, ಆದರೆ ಆವಿಯಾಗಬಾರದು. ಕಣ ದಪ್ಪವಾದರೆ ಒಳಗೆ ಹಸಿ ಉಳಿಯುತ್ತದೆ, ಸಣ್ಣದಾದರೆ ಸೀದು ಹೋಗುತ್ತದೆ. ಬೋಂಡ ಕರಿದವರಿಗೆ ಈ ಕಷ್ಟ ಗೊತ್ತು. ಪುಡಿ ಸರಿಯಾಗಿ ಹರಿಯುತ್ತದೆಯೇ ಎಂದು ನೋಡಲು 50 ಗ್ರಾಂ ಪುಡಿಯನ್ನು ಎರಡೂವರೆ ಮಿಲಿಮೀಟರಿನಷ್ಟು ರಂಧ್ರವಿರುವ ಆಲಿಕೆಯಲ್ಲಿ ಸುರಿದು, ಬರಿದಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯುತ್ತಾರೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನಂತೆ ಇದೂ ತೇವ ಹೀರಿ ಮುನಿಸಿಕೊಳ್ಳುತ್ತದೆ. ಆಗ ಒಲೆಯ ಪೆಟ್ಟಿಗೆಯಲ್ಲಿಟ್ಟು ಬೆಚ್ಚಗೆ ಮಾಡಿ ಸಮಾಧಾನಪಡಿಸಬೇಕು.

ಎರಚುವ ಮುನ್ನ ವಸ್ತುವಿನ ಮೈಯನ್ನು ಅಲ್ಯೂಮಿನಾ ಮರಳಿನಿಂದ ಹೊಡೆದು ಒರಟು ಮಾಡುತ್ತಾರೆ. ನುಣುಪಾದ ಗೋಡೆಗೆ ಗಾರೆ ಹಿಡಿಯದೆಂದು ನಮ್ಮ ಗಾರೆಯವರು ಮಚ್ಚಿನಿಂದ ಕಚ್ಚು ಹಾಕುವುದಿಲ್ಲವೆ, ಹಾಗೆ. ಬಳಿಕ ಬಂದೂಕು ಹೊತ್ತಿಕೊಳ್ಳುತ್ತದೆ. ಕಪ್ಪು ಗಾಜಿನ ಹಿಂದಿನಿಂದ ನೋಡಿದರೆ ಒಂದು ಗೇಣುದ್ದದ ಬಿಳಿಯ ನಾಲಗೆ. ಅದರ ಬುಡದಲ್ಲಿ ಪುಡಿ ಸೇರಿದೊಡನೆ ನಾಲಗೆಯ ತುದಿಯಿಂದ ಕಿತ್ತಳೆ ಬಣ್ಣದ ಕಿಡಿಗಳ ಮಳೆ. ಒಂದೊಂದು ಹನಿಯೂ ಲೋಹಕ್ಕೆ ಬಡಿದು, ಕಾವಲಿಯ ಮೇಲೆ ಹುಯ್ದ ದೋಸೆಯ ಹಿಟ್ಟಿನಂತೆ ಹರಡಿಕೊಂಡು, ಕಣ್ಣು ಮಿಟುಕಿಸುವ ಹೊತ್ತಿನ ಸಾವಿರಾರು ಪಾಲಿನೊಳಗೆ ಗಟ್ಟಿಯಾಗುತ್ತದೆ. ಅದರ ಮೇಲೆ ಇನ್ನೊಂದು ದೋಸೆ, ಅದರ ಮೇಲೆ ಮತ್ತೊಂದು. ಇಂಥ ಲಕ್ಷಾಂತರ ದೋಸೆಗಳ ಅಡಕಿಲೇ ಆ ಕವಚ. ಇಷ್ಟೆಲ್ಲ ಆರ್ಭಟದ ಬಳಿಕ ಅದರ ದಪ್ಪ ಒಂದು ಮಿಲಿಮೀಟರಿನ ಹತ್ತರ ಒಂದೆರಡು ಪಾಲು; ಅಂಚೆಕಾರ್ಡಿನಷ್ಟು.

ಅಂಚೆಕಾರ್ಡಿನಷ್ಟು ದಪ್ಪದ ಲೋಹ ಬೆಂಕಿಯನ್ನು ತಡೆಯುವುದೆಂತು? ಇಲ್ಲಿಯ ಮರ್ಮ ನನಗೆ ಬಹಳ ಹಿಡಿಸಿತು. ಶಾಖದ ಜೊತೆಗೇ ಬರುವ ಶತ್ರು ಆಮ್ಲಜನಕ. ಕಬ್ಬಿಣವನ್ನು ಅದು ತುಕ್ಕಾಗಿಸುತ್ತದೆ. ತುಕ್ಕು ಹೊಪ್ಪಳಿಕೆ ಎದ್ದು ಉದುರಿ, ಶತ್ರುವಿಗೆ ಮತ್ತೆ ದಾರಿ ಬಿಡುತ್ತದೆ. ಈ ಪುಡಿಯ ಲೇಪನದಲ್ಲಿ ಹತ್ತು ಪಾಲಿರುವ ಅಲ್ಯೂಮಿನಿಯಂ ಕಾದಾಗ ಮೈಮೇಲಕ್ಕೆ ಬಂದು, ಆಮ್ಲಜನಕವನ್ನು ತಾನೇ ಎದುರುಗೊಂಡು, ಅಲ್ಯೂಮಿನಾ ಎಂಬ ಕೆಲವೇ ಮೈಕ್ರಾನ್ ದಪ್ಪದ ಬಿಗಿಯಾದ ಪೊರೆಯಾಗುತ್ತದೆ. ಆ ಪೊರೆಯನ್ನು ದಾಟಿ ಒಳಕ್ಕೆ ಹೋಗುವುದು ಆಮ್ಲಜನಕಕ್ಕೆ ಬಹಳ ಕಷ್ಟ. ಎಲ್ಲಾದರೂ ಬಿರುಕು ಬಿಟ್ಟರೆ ಕೆಳಗಿನ ಅಲ್ಯೂಮಿನಿಯಂ ಮತ್ತೆ ಮೇಲೆ ಬಂದು ಗಾಯ ಮುಚ್ಚುತ್ತದೆ. ಕರ್ಣನಿಗೆ ಕವಚ ಮೈಯೊಡನೆ ಬೆಳೆದು ಬಂದಿತ್ತೆಂದು ಭಾರತ ಹೇಳುತ್ತದಲ್ಲ, ಇದೂ ಅಂಥ ಮೈಯಿಂದಲೇ ಬೆಳೆಯುವ ಕವಚ. ಆದರೆ ಪ್ರತಿ ಗಾಯಕ್ಕೂ ಗಂಟಿನಿಂದ ಸ್ವಲ್ಪ ಖರ್ಚಾಗುತ್ತದೆ. ಅಲ್ಯೂಮಿನಿಯಂ ಮುಗಿದ ದಿನ ಕವಚದ ಆಯುಸ್ಸೂ ಮುಗಿಯಿತು. ಇದು ಲೆಕ್ಕದವನಿಗೆ ಸುಲಭವಾಗಿ ಅರ್ಥವಾಗುವ ಮಾತು.

ನೂರರಲ್ಲಿ ಒಂದು ಪಾಲು, ಕೆಲವು ಪುಡಿಗಳಲ್ಲಿ ಅರ್ಧವೇ ಪಾಲು, ಇರುವ ಇಟ್ರಿಯಮ್ಮಿನದು ಸಾರಿಗೆ ಇಂಗಿನ ಪಾತ್ರ. ಲೋಹದಲ್ಲಿ ಹತ್ತು ಲಕ್ಷಕ್ಕೆ ಕೆಲವೇ ಪಾಲು ಗಂಧಕ ಅಡಗಿದ್ದರೂ ಅದು ಪೊರೆಯ ಬುಡಕ್ಕೆ ಬಂದು ಸೇರಿ, ಪೊರೆ ಮೈಬಿಟ್ಟು ಏಳುವಂತೆ ಮಾಡುತ್ತದೆ. ಇಟ್ರಿಯಂ ಆ ಗಂಧಕವನ್ನು ದಾರಿಯಲ್ಲೇ ಹಿಡಿದು ಕೂರಿಸಿಕೊಳ್ಳುತ್ತದೆ. ಈ ಧಾತುವಿನ ಹೆಸರು ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ಇಟರ್ಬಿ ಎಂಬ ಹಳ್ಳಿಯದು. 1787ರಲ್ಲಿ ಅಲ್ಲಿಯ ಗಣಿಯಲ್ಲಿ ಸಿಕ್ಕಿದ ಒಂದು ಕರಿಯ ಕಲ್ಲನ್ನು 1794ರಲ್ಲಿ ಯೋಹಾನ್ ಗಾಡೊಲಿನ್ ಎಂಬ ರಸಾಯನಶಾಸ್ತ್ರಜ್ಞ ಪರೀಕ್ಷಿಸಿ ಹೊಸ ಪದಾರ್ಥವಿದೆಯೆಂದು ತೋರಿಸಿದ. ಇಟ್ರಿಯಂ, ಇಟರ್ಬಿಯಂ, ಟರ್ಬಿಯಂ, ಅರ್ಬಿಯಂ ಎಂದು ನಾಲ್ಕು ಧಾತುಗಳಿಗೆ ಆ ಒಂದೇ ಹಳ್ಳಿ ಹೆಸರು ಕೊಟ್ಟಿದೆ. ನಮ್ಮೂರಿನ ಹೆಸರು ಬಸ್ಸಿನ ಫಲಕದ ಮೇಲೂ ಬಂದಿಲ್ಲವೆಂದು ಕೊರಗುವ ನನ್ನಂಥವರಿಗೆ ಇದನ್ನು ಕೇಳಿ ಸ್ವಲ್ಪ ಹೊಟ್ಟೆಯುರಿಯಾದರೆ ಆಶ್ಚರ್ಯವಿಲ್ಲ.

ಇನ್ನೂ ಹೆಚ್ಚು ಶಾಖವಿರುವ ಕಡೆ ಈ ಲೋಹದ ಲೇಪನದ ಮೇಲೆ ಬಿಳಿಯ ಪಿಂಗಾಣಿಯಂಥ ಜಿರ್ಕೋನಿಯಾದ ಹೊದಿಕೆ ಬೇರೆ. ಬರಿಯ ಜಿರ್ಕೋನಿಯಾ ಆರುವಾಗ ಹರಳಿನ ರೂಪ ಬದಲಿಸಿ, ನೂರಕ್ಕೆ 4–5ರಷ್ಟು ಹಿಗ್ಗಿ, ತನ್ನಷ್ಟಕ್ಕೆ ತಾನೇ ಒಡೆಯುತ್ತದೆ. ಅದಕ್ಕೆ 7–8 ಪಾಲು ಇಟ್ರಿಯಾ ಬೆರೆಸಿದರೆ ಈ ಚಂಚಲ ಬುದ್ಧಿ ಅಡಗುತ್ತದೆ. ಹೊದಿಕೆಯಲ್ಲಿ ಸಣ್ಣ ರಂಧ್ರಗಳೂ ಬಿರುಕುಗಳೂ ಇರುತ್ತವೆ. ಅವು ಶಾಖಕ್ಕೆ ಅಡ್ಡಿಯಾಗುವುದಲ್ಲದೆ, ಕೆಳಗಿನ ಲೋಹ ಕಾದು ಹಿಗ್ಗಿದಾಗ ಮೇಲಿನದು ಸಿಡಿಯದಂತೆ ಎಡೆಮಾಡಿಕೊಡುತ್ತವೆ. ಕೊಂಚವೂ ಸಂದಿಲ್ಲದಂತೆ ಬಿಗಿದ ಹೊದಿಕೆ ಮೊದಲ ಕಾವಿಗೇ ಹಾರಿಹೋದೀತು. ಕೂಡುಕುಟುಂಬದಲ್ಲಿ ಬಾಳಿದ ಹಿರಿಯರು ಇದನ್ನು ಒಪ್ಪಿಯಾರು.

ಇಷ್ಟನ್ನೂ ನನಗೆ ಬಿಡಿಸಿ ಹೇಳಿದವರು ಅಳಿಯನಿಗಿಂತ ಹೆಚ್ಚಾಗಿ ಅಲ್ಲಿಯ ಮೇಸ್ತ್ರಿ. ತುಮಕೂರು ಕಡೆಯವರು, ಐವತ್ತು ದಾಟಿದವರು. ಮೂವತ್ತು ವರ್ಷದಿಂದ ಈ ಬಂದೂಕು ಹಿಡಿದಿದ್ದಾರೆ. ಅವರೊಡನೆ ಮಾತಾಡುವಾಗ ಎಡಗಡೆಯೇ ಕೂರಬೇಕು, ಬಲಗಿವಿ ಕೇಳುವುದಿಲ್ಲ. ಪ್ಲಾಸ್ಮಾ ಬಂದೂಕಿನ ಶಬ್ದ 110 ಡೆಸಿಬೆಲನ್ನು ದಾಟುತ್ತದೆ. ಇನ್ನೊಂದು ಬಗೆಯದು ಅದಕ್ಕಿಂತ ಜೋರು. ಮೊದಲ ಇಪ್ಪತ್ತು ವರ್ಷ ಅವರು ಬೇರೊಂದು ಕಾರ್ಖಾನೆಯಲ್ಲಿದ್ದರು. ಅಲ್ಲಿ ಕಿವಿಗೆ ಹತ್ತಿ, ಮೂಗಿಗೆ ಒದ್ದೆ ವಸ್ತ್ರ, ಇಷ್ಟೇ ಕವಚ. ಬಂದೂಕಿನ ಮೂತಿ ಸವೆಯುತ್ತ ಬಂದಾಗ ಅದರ ಶ್ರುತಿ ಬದಲಾಗುತ್ತದಂತೆ. ಮೀಟರಿನ ಮುಳ್ಳು ಅಲುಗುವ ಮೊದಲೇ ಆ ಅಪಸ್ವರವನ್ನು ಹಿಡಿಯುವುದರಲ್ಲಿ ಅವರು ಹೆಸರಾಗಿದ್ದರು. ಯಾವ ಶಬ್ದವನ್ನು ಕೇಳಿ ಕೇಳಿ ಜಾಣರಾದರೋ ಅದೇ ಶಬ್ದ ಆ ಜಾಣತನವನ್ನು ಕಿತ್ತುಕೊಂಡಿತು. 'ಈಗ ಹಿಡಿಯ ನಡುಕದಲ್ಲಿ ತಿಳಿದುಕೊಳ್ಳುತ್ತೇನೆ ಸ್ವಾಮಿ' ಎಂದು ಅಂಗೈ ತೋರಿಸಿದರು. ಹಾಗೆನ್ನುವಾಗ ಕೆಮ್ಮಿದರು.

ಆ ಕೆಮ್ಮು ನನ್ನ ಕಿವಿಯಲ್ಲಿ ಉಳಿಯಿತು. ನಿಕ್ಕಲ್, ಕ್ರೋಮಿಯಂ ಊಟದ ತಟ್ಟೆಯಾಗಿ ನಮ್ಮ ಮನೆಯಲ್ಲಿರುವಾಗ ಸಜ್ಜನರೇ. 10,000 ಡಿಗ್ರಿಯ ಜ್ವಾಲೆಯಲ್ಲಿ ಹಾಯ್ದಾಗ ಅವುಗಳ ಒಂದು ಪಾಲು ಆವಿಯಾಗಿ, ಹೊಗೆಯಾಗಿ, ಕಣ್ಣಿಗೆ ಕಾಣದ ದೂಳಾಗಿ ಗಾಳಿಯಲ್ಲಿ ಉಳಿಯುತ್ತದೆ. ಕ್ರೋಮಿಯಮ್ಮಿನ ಒಂದು ರೂಪವೂ ನಿಕ್ಕಲಿನ ಕೆಲವು ಸಂಯುಕ್ತಗಳೂ ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ಏಡಿಗಂತಿಗೆ ಕಾರಣವಾಗುತ್ತವೆಂಬುದು ವೈದ್ಯರು ಸಂದೇಹವಿಲ್ಲದೆ ಹೇಳುವ ಮಾತು. ನಮ್ಮ ಶೆಡ್ಡಿನಲ್ಲಿ ಆಗ ಇದ್ದದ್ದು ಮೂರು ಕಡೆ ಗೋಡೆಯ ಒಂದು ಗೂಡು, ಹಿಂದೆ ಒಂದು ದೊಡ್ಡ ಪಂಖ, ಅದರ ಮುಂದೆ ಒಂದು ಸಾಧಾರಣ ಜಾಲರಿ. ಮೇಸ್ತ್ರಿ ಕಿವಿಗೆ ಮುಚ್ಚಳ, ಮೂಗಿಗೆ ಮುಖವಾಡ ಧರಿಸುತ್ತಿದ್ದರು. ಆದರೂ ನಿಲ್ಲುತ್ತಿದ್ದುದು ಗೂಡಿನ ಒಳಗೇ.

ಅವರ ಮಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದ. ಅಳಿಯನಿಗೆ ಆ ಹುಡುಗ ಬೇಕಾಗಿದ್ದ; ಹುಡುಗನಿಗೂ ಬರುವ ಆಸೆ. ತಂದೆ ಮಾತ್ರ ಸುತರಾಂ ಒಪ್ಪಲಿಲ್ಲ. 'ವಿದ್ಯೆ ಕೊಡುತ್ತೇನೆ, ಕಿವಿ ಕೊಡುವುದಿಲ್ಲ' ಎಂದುಬಿಟ್ಟರು. ಹೆಚ್ಚು ಮಾತಿನವರಲ್ಲ ಅವರು. ಅಂದು ಅಷ್ಟು ಹೇಳಿ ಬಂದೂಕು ಒರೆಸಲು ಹೋದರು.

ಆ ವರ್ಷ ಲಾಭ ಸ್ವಲ್ಪ ಉಳಿದಿತ್ತು. ಇನ್ನೊಂದು ಬಂದೂಕು ಕೊಂಡು ಆದಾಯವನ್ನು ಇಮ್ಮಡಿ ಮಾಡಬೇಕೆಂದು ಅಳಿಯನ ಲೆಕ್ಕ. ಅದೇ ಹಣಕ್ಕೆ ಶಬ್ದ ಹೊರಬಾರದಂಥ ಮುಚ್ಚಿದ ಕೋಣೆಯನ್ನೂ, ಸೂಕ್ಷ್ಮ ದೂಳನ್ನು ಹೀರಿಕೊಳ್ಳುವ ಶೋಧಕ ಯಂತ್ರವನ್ನೂ ಕೂರಿಸಬಹುದಾಗಿತ್ತು. ಎರಡಕ್ಕೂ ಹಣವಿರಲಿಲ್ಲ. ಅವನನ್ನು ನಾನು ದೂರಲಾರೆ. ಸಾಲದ ಕಂತು ಅವನ ತಲೆಯ ಮೇಲಿತ್ತು. ಕೆಲಸ ತಡವಾದರೆ ಬೇರೆ ಕಡೆ ಹೋಗುವ ಗಿರಾಕಿಗಳು. ಕೋಣೆ ಕಟ್ಟಿದರೆ ಒಂದು ರೂಪಾಯಿಯ ಹೊಸ ಕೆಲಸವೂ ಬರುವುದಿಲ್ಲ. 'ಬರುವ ವರ್ಷ ನೋಡೋಣ ಮಾವ' ಎಂದ. ಬರುವ ವರ್ಷ ಎಂಬ ತಾರೀಖು ಯಾವ ಪಂಚಾಂಗದಲ್ಲಿಯೂ ಇಲ್ಲವೆಂದು ಮೂವತ್ತೈದು ವರ್ಷದ ಕಚೇರಿ ನನಗೆ ಕಲಿಸಿತ್ತು.

ಉಪದೇಶ ಮಾಡಲು ನನಗೆ ಬರುವುದಿಲ್ಲ. ಬರುವುದು ಕೂಡುವುದು ಕಳೆಯುವುದು. ಒಂದು ತ್ರೈಮಾಸಿಕದ ಪುಸ್ತಕಗಳನ್ನೆಲ್ಲ ಮುಂದಿಟ್ಟುಕೊಂಡು ಕೂತೆ. ಪ್ರತಿ ವಸ್ತುವನ್ನೂ ಲೇಪನಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಗಿ ಬರೆಯುವ ಪದ್ಧತಿ ನಮ್ಮಲ್ಲಿತ್ತು. ಎರಚಿದ ಪುಡಿಯೆಲ್ಲ ಅಂಟುವುದಿಲ್ಲವಷ್ಟೆ. ಗೂಡಿನಲ್ಲಿ ಉದುರಿದ್ದನ್ನೂ ಜಾಲರಿಯಲ್ಲಿ ಸಿಕ್ಕಿದ್ದನ್ನೂ ಗುಡಿಸಿ, ತೂಗಿ, ನಿಕ್ಕಲಿನ ಆಸೆಗೆ ಕೊಳ್ಳುವವರಿಗೆ ಮಾರುತ್ತಿದ್ದೆವು. ಹೀಗಾಗಿ ಮೂರು ಅಂಕಿಗಳೂ ನನ್ನ ಬಳಿ ಇದ್ದವು. ಖರ್ಚಾದ ಪುಡಿ 100 ಕಿಲೋ. ವಸ್ತುಗಳ ಮೇಲೆ ಕೂತದ್ದು 48. ಗುಡಿಸಿ ಮಾರಿದ್ದು 41. ಕೂಡಿದರೆ 89. ಕಾಗದವನ್ನು ಅಳಿಯನ ಮುಂದಿಟ್ಟು, 'ಹನ್ನೊಂದು ಕಿಲೋ ಮಾಲು ಕಾಣೆಯಾಗಿದೆ. ಇದನ್ನು ಯಾವ ಖಾತೆಗೆ ಬರೆಯಲಿ?' ಎಂದು ಕೇಳಿದೆ.

ಅವನು ಮೊದಲು ಕಳ್ಳತನವೆಂದುಕೊಂಡ. ಆಮೇಲೆ ಹಿಂದಿನ ಪಂಖದ ಕಡೆ ತಿರುಗಿ ನೋಡಿದ. ಬಹುಪಾಲು ಪಂಖದಿಂದ ಆಚೆ ಹೋಗಿ ನೆರೆಯವರ ಚಾವಣಿಯ ಮೇಲೆ ಕೂತಿರಬೇಕು, ಅದರಲ್ಲಿ ಸಂಶಯವಿಲ್ಲ. ಹನ್ನೊಂದು ಕಿಲೋ ಯಾರ ಎದೆಯಲ್ಲೂ ಹಿಡಿಯಲಾರದು. ಆದರೆ ಎದೆಗೆ ಕಿಲೋ ಬೇಕಾಗಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ಗೂಡಿನಿಂದ ಕೆಮ್ಮು ಕೇಳಿಸಿತು. ಅಳಿಯ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಮೇಸ್ತ್ರಿಯನ್ನು ತನ್ನ ಕಾರಿನಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದ. ಎದೆಯ ಚಿತ್ರದಲ್ಲಿ ಭಯಪಡುವಂಥದ್ದೇನೂ ಕಾಣಲಿಲ್ಲ. ವರ್ಷಕ್ಕೊಮ್ಮೆ ತಪ್ಪದೆ ತೋರಿಸಿಕೊಳ್ಳಬೇಕೆಂದರು. ಕಿವಿಯ ಮಾತು ಬೇರೆ. ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು.

ಕೋಣೆಯೂ ಶೋಧಕವೂ ಬಂದವು. ಎರಡನೆಯ ಬಂದೂಕು ಬರಲಿಲ್ಲ. ಒಬ್ಬ ಗಿರಾಕಿ ಕೈಬಿಟ್ಟುಹೋದದ್ದೂ ಉಂಟು. ಮರುವರ್ಷ ಸಾಲ ಮಾಡಿ, ಒಮ್ಮೆ ಬಳಸಿದ್ದ ಒಂದು ಯಂತ್ರದ ತೋಳನ್ನು ತಂದರು. ಆಗ ಹೊಸ ಕಷ್ಟ. ಕೋಣೆಗೆ ಕೈಮುಗಿದಿದ್ದ ಮೇಸ್ತ್ರಿ ತೋಳನ್ನು ಕಂಡು ಸಪ್ಪಗಾದರು. ಇದು ಬಂದ ಮೇಲೆ ತಾನೇಕೆ ಎಂಬ ಯೋಚನೆ ಅವರ ಮುಖದಲ್ಲಿ ಯಾರಿಗಾದರೂ ಓದಬರುವಂತಿತ್ತು. ತೋಳು ನಿಯತ್ತಿನದು, ಬಂದೂಕನ್ನು ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ದಣಿವಿಲ್ಲದೆ ಆಡಿಸುತ್ತದೆ. ಆದರೆ ಮೊದಲ ವಾರ ಅದು ಹಾಕಿದ ಲೇಪನ ಅಂಚುಗಳಲ್ಲಿ ಎದ್ದುಬಂತು. ಬಾಗಿದ ಮೈಯಲ್ಲಿ ಬಂದೂಕನ್ನು ಎಷ್ಟು ಓರೆ ಮಾಡಬೇಕು, ಅಂಚನ್ನು ದಾಟಿ ಎಷ್ಟು ಮುಂದೆ ಹೋಗಿ ತಿರುಗಬೇಕು, ವಸ್ತು ಕಾದು ಬಣ್ಣ ತಿರುಗುವ ಮುನ್ನ ಎಲ್ಲಿ ಉಸಿರು ಬಿಡಬೇಕು, ಇವು ಅದಕ್ಕೆ ತಿಳಿಯದು. ಮೇಸ್ತ್ರಿ ಕೋಣೆಯ ಗಾಜಿನ ಹೊರಗೆ ನಿಂತು, ಬರಿಗೈಯನ್ನು ಗಾಳಿಯಲ್ಲಿ ಆಡಿಸಿ ತೋರಿಸಿದರು. ಎಂಜಿನಿಯರ್ ಹುಡುಗ ಅದನ್ನು ಅಂಕಿಗಳಾಗಿ ಬರೆದುಕೊಂಡ. ಹದಿನೈದು ದಿನ ಈ ಪಾಠ ನಡೆಯಿತು. ಬರೆದುಕೊಂಡ ಹುಡುಗ ಬೇರೆ ಯಾರೂ ಅಲ್ಲ, ಅವರ ಮಗ. ಗಾಜಿನ ಹೊರಗೆ ಶಬ್ದ ಮಾತಾಡುವಷ್ಟಕ್ಕೆ ಇಳಿದಿದ್ದರೂ ತಂದೆ ಅವನಿಗೆ ಕಿವಿಮುಚ್ಚಳ ತೆಗೆಯಲು ಬಿಡುವುದಿಲ್ಲ. ಹಾಗಾಗಿ ಕೇಳದ ತಂದೆಯೂ ಕಿವಿ ಮುಚ್ಚಿದ ಮಗನೂ ಕೈಸನ್ನೆಯಲ್ಲೇ ಜಗಳವಾಡುತ್ತಾರೆ, ನೋಡಲು ಸೊಗಸು.

ಕೋಣೆಯ ಖರ್ಚನ್ನು ನಾನು ನನ್ನ ಕರಡು ಪುಸ್ತಕದಲ್ಲಿ ಪುಡಿಯ ಖಾತೆಯ ಕೆಳಗೇ ಬರೆದೆ. ಟರ್ಬೈನಿನ ತಗಡಿಗೆ ಕವಚ ತೊಡಿಸುವ ಖರ್ಚಿನಲ್ಲಿ, ತೊಡಿಸುವವನ ಕವಚದ ಖರ್ಚೂ ಸೇರಿರಬೇಕೆಂದು ನನ್ನ ವಾದ. ಲೆಕ್ಕ ತಪಾಸಣೆಗೆ ಬಂದವರು ಅದನ್ನು ಹೊಡೆದುಹಾಕಿ, ಯಂತ್ರೋಪಕರಣದ ಖಾತೆಗೆ ಸಾಗಿಸಿ, ಸವಕಳಿ ಕಳೆದರು. ಶಾಸ್ತ್ರ ಅವರ ಕಡೆ ಇತ್ತು, ಒಪ್ಪಿಕೊಂಡೆ. ಆದರೆ ಪುಡಿಯ ಪುಸ್ತಕದ ಕೊನೆಯಲ್ಲಿ 'ಲೆಕ್ಕಕ್ಕೆ ಸಿಗದ್ದು' ಎಂದು ನಾನೇ ಎಳೆದ ಅಂಕಣವನ್ನು ಅವರೂ ಅಳಿಸಲಿಲ್ಲ. ಕಳೆದ ತ್ರೈಮಾಸಿಕದಲ್ಲಿ ನೂರು ಕಿಲೋಗೆ ಅದು ಒಂದೂವರೆಗೆ ಇಳಿದಿದೆ. ಆ ಒಂದೂವರೆ ಎಲ್ಲಿ ಹೋಯಿತೆಂದು ಈಗ ಹುಡುಕುತ್ತಿದ್ದೇನೆ.